ಸಕ್ಕರೆಯ ಹಿಮ

ಮೊನ್ನೆ ಮಾರೇನಹಳ್ಳಿಯ ಸ್ಟೇಷನರಿ ಅಂಗಡಿಯಲ್ಲಿ ಹಿಮ ಕೊಂಡುಕೊಂಡೆ. ನಗಬೇಡಿ, ನಿಜವಾಗಿಯೂ ಕೊಂಡೆ. ಚಳಿಗಾಲದ ಕಾರ್ಡು ಮಾಡಿಕೊಂಡು ಬರಬೇಕೆಂದು ಮೊಮ್ಮಗಳಿಗೆ ಶಾಲೆಯಲ್ಲಿ ಹೇಳಿದ್ದರು. ಅದಕ್ಕೆ ಏನೇನು ಬೇಕಪ್ಪ ಎಂದು ಕೇಳಿದರೆ ಅಂಗಡಿಯಾತ ಮೊಬೈಲಿನಿಂದ ತಲೆಯೆತ್ತದೆ, "ಸ್ನೋ ಪ್ಯಾಕೆಟ್ ಇದೆ ಆಂಟಿ. ದೊಡ್ಡದು ಕೊಡ್ಲಾ, ಚಿಕ್ಕದು ಸಾಕಾ?" ಎಂದ. ಪ್ಲಾಸ್ಟಿಕ್ ಚೀಲದಲ್ಲಿ ಬಿಳಿ ಪುಡಿ. ಚೀಲವನ್ನು ಬೆರಳಲ್ಲಿ ಹಿಚುಕಿ ನೋಡಿದೆ. ಸದ್ದು ಬರಲಿಲ್ಲ. "ಹಿಮ ಅಂದ್ರೆ ಕರಕರ ಅನ್ಬೇಕಲ್ಲಪ್ಪ" ಎಂದೆ. ಆತ ಆಗ ತಲೆಯೆತ್ತಿ ನನ್ನನ್ನೊಮ್ಮೆ ನೋಡಿದ.

ನಾನೇನು ಹಿಮ ಕಂಡವಳಲ್ಲ. ರಾಜಾಜಿನಗರದಲ್ಲಿ ಹುಟ್ಟಿ, ಮದುವೆಯಾಗಿ ವಿಜಯನಗರಕ್ಕೆ ಬಂದವಳು ನಾನು. ಮಾಗಡಿ ರಸ್ತೆ ದಾಟಿದ್ದೇ ನನ್ನ ಬದುಕಿನ ದೊಡ್ಡ ಪ್ರಯಾಣ ಎಂದು ನಮ್ಮವರು ಈಗಲೂ ರೇಗಿಸುತ್ತಾರೆ. ಆದರೂ ಹಿಮದ ವಿಷಯದಲ್ಲಿ ನನಗೆ ಟೋಪಿ ಹಾಕುವುದು ಕಷ್ಟ. ರಾಜಾಜಿನಗರದ ನಮ್ಮ ಮನೆಯ ಪಡಸಾಲೆಯಲ್ಲಿ ಚಳಿಗಾಲ ಬಂತೆಂದರೆ ಹಿಮ ತಯಾರಾಗುತ್ತಿತ್ತು.

ತಯಾರಿಸುತ್ತಿದ್ದವಳು ಗಿರಿಜ ಚಿಕ್ಕಮ್ಮ, ನನ್ನ ಅಮ್ಮನ ತಂಗಿ. ಎಪ್ಪತ್ತರ ದಶಕದ ಆ ವರ್ಷಗಳಲ್ಲಿ ನಾನು ಹೈಸ್ಕೂಲಿನಲ್ಲಿದ್ದೆ. ಚಿಕ್ಕಮ್ಮ ನಮ್ಮ ಮನೆಯಲ್ಲೇ ಇದ್ದಳು. ಚಿಕ್ಕಪ್ಪ ಮಿಲಿಟರಿಯಲ್ಲಿ ಲಾರಿ ಓಡಿಸುತ್ತಿದ್ದರು. ಮದುವೆಯಾದ ಮೇಲೆ ರಜೆಯ ಮೇಲೆ ಬಂದದ್ದು ಒಂದೇ ಸಲ. ಆಮೇಲೆ ಗಡಿಯ ಬೆಟ್ಟದ ರಸ್ತೆಯಲ್ಲಿ ಹಿಮ ಕುಸಿಯಿತು. ಲಾರಿ ಸಿಕ್ಕಿತು, ಅವರು ಸಿಗಲಿಲ್ಲ. ತಂತಿಯಲ್ಲಿ ಕಾಣೆಯಾಗಿದ್ದಾರೆ ಎಂದು ಬಂದಿತ್ತು, ತೀರಿಕೊಂಡಿದ್ದಾರೆ ಎಂದು ಬಂದಿರಲಿಲ್ಲ. ತುಮಕೂರು ಕಡೆಯ ಹಳ್ಳಿಯಲ್ಲಿದ್ದ ಅಜ್ಜಿ ಮನೆಗೆ ಬೀಗ ಹಾಕಿ, ಮಗಳನ್ನು ಕರೆದುಕೊಂಡು ನಮ್ಮಲ್ಲಿಗೇ ಬಂದುಬಿಟ್ಟರು. ಚಿಕ್ಕಮ್ಮ ಹಣೆಯ ಕುಂಕುಮ ಅಳಿಸಲಿಲ್ಲ. ಅಳಿಸು ಎಂದು ಹೇಳುವ ಧೈರ್ಯವೂ ಯಾರಿಗೂ ಬರಲಿಲ್ಲ, ಇಟ್ಟುಕೋ ಎಂದು ಹೇಳುವ ಧೈರ್ಯವೂ ಬರಲಿಲ್ಲ.

ಅವಳು ಕಾರ್ಡು ಮಾಡತೊಡಗಿದ್ದು ಆ ಚಳಿಗಾಲದಲ್ಲೇ. ಮನಸ್ಸಿಗೆ ಒಂದಿಷ್ಟು ಕೆಲಸವಿರಲಿ ಎಂದು ಅಮ್ಮ ಡ್ರಾಯಿಂಗ್ ಹಾಳೆ, ಬಣ್ಣದ ಪೆಟ್ಟಿಗೆ ತರಿಸಿಕೊಟ್ಟಿದ್ದಳು. ಹೂವೋ ನವಿಲೋ ಬರೆದಾಳು ಎಂದುಕೊಂಡಿದ್ದೆವು. ಚಿಕ್ಕಮ್ಮ ಹಿಮ ಬರೆದಳು. ಬರೆದಳು ಎನ್ನುವುದಕ್ಕಿಂತ ಅಂಟಿಸಿದಳು ಎನ್ನಬೇಕು. ಅರಳಿ ಎಲೆಗಳನ್ನು ತೊಟ್ಟಿಯಲ್ಲಿ ಕೊಳೆಸಿ, ಹಸಿರೆಲ್ಲ ಕರಗಿ ನರಗಳ ಬಲೆ ಮಾತ್ರ ಉಳಿದಾಗ ತೊಳೆದು ಒಣಗಿಸಿ ಅಂಟಿಸಿದರೆ ಎಲೆಯುದುರಿದ ಮರ. ಸಿಗರೇಟು ಪೊಟ್ಟಣದ ಬೇಗಡೆ ಕಾಗದದಿಂದ ಹೆಪ್ಪುಗಟ್ಟಿದ ಹೊಳೆ. ಪೊರಕೆ ಕಡ್ಡಿಯಿಂದ ಬೇಲಿ. ಇವೆಲ್ಲ ಸುಲಭಕ್ಕೆ ಬಂದವು. ಹಿಮ ಮಾತ್ರ ಅವಳ ಕೈಗೆ ಹತ್ತಲಿಲ್ಲ.

ಅಡುಗೆಮನೆಯಲ್ಲಿ ಬಿಳಿಯ ಪದಾರ್ಥ ಯಾವುದೂ ಅವಳಿಂದ ತಪ್ಪಿಸಿಕೊಳ್ಳಲಿಲ್ಲ. ದಿಂಬಿನ ಬೂರುಗದ ಹತ್ತಿ ಹೋಯಿತು, ಚಿರೋಟಿ ರವೆ ಹೋಯಿತು, ಸಾಬಕ್ಕಿ ಹೋಯಿತು. ಸಾಬಕ್ಕಿ ಪಾಯಸ ಮಾಡಲು ಡಬ್ಬಿ ತೆಗೆದ ಅಜ್ಜಿಗೆ ತಳ ಕಂಡಿತು. ಒಂದು ದಿನ ಬೇಕರಿಯಿಂದ ಮೊಟ್ಟೆಯ ಚಿಪ್ಪು ತಂದು ಪುಡಿ ಮಾಡುತ್ತಿದ್ದಾಗ ಅಜ್ಜಿ ಬಂದುಬಿಟ್ಟರು. ಮೊಟ್ಟೆ ಎಂಬ ಮಾತನ್ನೂ ಆಡದ ಮನೆ ನಮ್ಮದು. "ಸೀಮೆಸುಣ್ಣ ಅಜ್ಜಿ" ಎಂದು ನಾನು ಹಲ್ಲು ಕಿರಿದೆ. "ಸೀಮೆಸುಣ್ಣ ಯಾವತ್ತಿಂದ ನಾರೋಕೆ ಶುರು ಮಾಡ್ತು?" ಎಂದು ಅಜ್ಜಿ ಎಲ್ಲವನ್ನೂ ಮೋರಿಗೆ ಸುರಿದು ಜಗಲಿಯನ್ನೇ ತೊಳೆದರು. ಇನ್ನೊಮ್ಮೆ ಹತ್ತಿಯುಂಡೆಗಳನ್ನು ದಾರದಲ್ಲಿ ಪೋಣಿಸಿ, ಹೊಳಪಿಗೆಂದು ಕರ್ಪೂರದ ಪುಡಿ ಹಚ್ಚಿ ಬಾಗಿಲಿಗೆ ತೋರಣ ಕಟ್ಟಿದಳು. ನೋಡನೋಡುತ್ತ ಕರ್ಪೂರವೆಲ್ಲ ಗಾಳಿಗೆ ಹಾರಿಹೋಗಿ ಬರೀ ಹತ್ತಿ ಉಳಿಯಿತು. ಅಂದು ಅವಳೂ ನಕ್ಕಳು. ಅವಳು ನಕ್ಕಿದ್ದು ಅಪರೂಪವಾದ್ದರಿಂದ ನನಗೆ ನೆನಪಿದೆ.

ಏನು ತಂದರೂ ಅವಳು ತಲೆಯಾಡಿಸುತ್ತಿದ್ದಳು. "ಇದಲ್ಲ ಕಣೇ. ಹಿಮ ಹತ್ತಿ ತರ ಮೆತ್ತಗಿರಲ್ವಂತೆ. ಕಾಲಿಟ್ರೆ ಕರಕರ ಅನ್ನತ್ತೆ ಅಂತ ನಿಮ್ ಚಿಕ್ಕಪ್ಪ ಹೇಳಿದ್ರು."

ಕಾರ್ಡುಗಳು ಮಾತ್ರ ಚೆನ್ನಾಗಿ ಹೋಗುತ್ತಿದ್ದವು. ಮುಖ್ಯರಸ್ತೆಯ ಪುಸ್ತಕದಂಗಡಿಯವರು ದಾರ ಕಟ್ಟಿ ಕ್ಲಿಪ್ಪು ಹಾಕಿ ನೇತುಹಾಕುತ್ತಿದ್ದರು. ಹೊಸ ವರ್ಷಕ್ಕೆ ಬೇಕು, ಸಂಕ್ರಾಂತಿಗೂ ಬೇಕು ಎಂದು ಹೇಳಿ ಕಳಿಸುತ್ತಿದ್ದರು. ಒಂದು ಸಲ ಸಂಕ್ರಾಂತಿ ಕಾರ್ಡು ನೋಡಿ ಅವರು ತಲೆ ಕೆರೆದುಕೊಂಡರು. "ಅಕ್ಕಾವ್ರೇ, ಕಬ್ಬಿನ ಮೇಲೂ ಹಿಮ ಹಾಕ್ಬಿಟ್ಟಿದೀರಲ್ಲ. ನೋಡ್ದೋರು ನಗ್ತಾರೆ." ಚಿಕ್ಕಮ್ಮ, "ಅದು ಬೀಳೋವಾಗ ಏನ್ಮೇಲೆ ಬೀಳ್ತೀನಿ ಅಂತ ನೋಡತ್ತಾ ಸಾರ್?" ಎಂದಳು. ಅವರು ನಗಲಿಲ್ಲ. ಕಾರ್ಡು ತೆಗೆದುಕೊಂಡರು.

ಸಂಕ್ರಾಂತಿ ಎಂದಾಗ ಎದುರುಮನೆಯ ಪಂಕಜಮ್ಮನವರ ವಿಷಯ ಹೇಳಬೇಕು. ಕೆಟ್ಟವರಲ್ಲ, ನಮಗೆ ಬೇಕಾದವರು. ಎಳ್ಳು ಬೀರಲು ಬಂದವರು ಅಮ್ಮನ ಹಣೆಗೆ ಕುಂಕುಮವಿಟ್ಟು ಚಿಕ್ಕಮ್ಮನ ಕಡೆ ತಿರುಗಿದರು. ಬಟ್ಟಲು ಹಿಡಿದ ಕೈ ಅಲ್ಲೇ ನಿಂತಿತು. ಇಡುವುದೋ ಬಿಡುವುದೋ ಎಂದು ಅವರು ಅಮ್ಮನ ಮುಖ ನೋಡಿದರು. ಅಮ್ಮ ನೆಲ ನೋಡಿದಳು. ಚಿಕ್ಕಮ್ಮ ತಾನೇ ಬೆರಳದ್ದಿ ತನ್ನ ಹಣೆಗೆ ಇಟ್ಟುಕೊಂಡು, "ಕೂತ್ಕೊಳಿ, ಕಾಫಿ ತರ್ತೀನಿ" ಎಂದು ಒಳಗೆ ಹೋದಳು. ಕಾಫಿ ಬರುವುದು ಬಹಳ ತಡವಾಯಿತು.

ಇದು ಹೀಗೆ ನಡೆಯುವುದಿಲ್ಲ ಎಂದು ಅಜ್ಜಿ ತೀರ್ಮಾನಿಸಿದ್ದು ಆಮೇಲೆ. ನಮ್ಮವರಲ್ಲಿ ಉಡಿಕೆ ಎಂಬ ಪದ್ಧತಿಯಿತ್ತು. ಗಂಡ ಸತ್ತವಳಿಗೆ ಹೊಸ ಸೀರೆ ಉಡಿಸಿ ಇನ್ನೊಂದು ಮನೆಗೆ ಸೇರಿಸುವುದು. ಕೆಂಗೇರಿಯಲ್ಲಿ ಒಬ್ಬರು ಮೇಷ್ಟ್ರು, ಹೆಂಡತಿ ತೀರಿಕೊಂಡಿದ್ದರು. ಮುಂದಿನ ಚಳಿಗಾಲದ ಒಂದು ಭಾನುವಾರ ಬಸ್ಸು ಹಿಡಿದು ಬಂದು ನಮ್ಮ ಪಡಸಾಲೆಯಲ್ಲಿ ಕುರ್ಚಿಯ ತುದಿಯಲ್ಲಿ ಕೂತರು. ಮಾತು ಕಡಿಮೆ. ಗೋಡೆಗೆ ಒರಗಿಸಿಟ್ಟ ಕಾರ್ಡು ನೋಡಿ, "ಇದು ಅರಳಿ ಎಲೆ ಅಲ್ವಾ? ಹರಿದೇ ಇರೋ ಹಾಗೆ ಹೇಗೆ ತೊಳೀತೀರಿ?" ಎಂದು ಕೇಳಿದರು. ಚಿಕ್ಕಮ್ಮ ವಿವರಿಸಿದಳು. ಅಷ್ಟು ಮಾತಾಡಿದ್ದನ್ನು ನಾವು ಬಹಳ ದಿನಗಳಿಂದ ಕೇಳಿರಲಿಲ್ಲ. ಅವರು ಹೋದ ಮೇಲೆ, "ಕಣ್ಣಿದೆ ಅವ್ರಿಗೆ" ಎಂದಳು. ಅಜ್ಜಿಗೆ ಅಷ್ಟೇ ಸಾಕಾಯಿತು. ಆದರೆ ಉಡಿಕೆಗೆ ಮೊದಲು ಹಳೆಯ ಕುಂಕುಮ ಅಳಿಸಬೇಕು, ಅಂದರೆ ಗಂಡ ಸತ್ತನೆಂದು ಒಪ್ಪಬೇಕು. "ಈ ಸಂಕ್ರಾಂತಿ ಮುಗೀಲಿ ಅವ್ವ, ಹೇಳ್ತೀನಿ" ಎಂದಳು ಚಿಕ್ಕಮ್ಮ. ಹೂಂ ಎನ್ನುತ್ತಾಳೆಂದೇ ಅಮ್ಮನಿಗೆ ಅನಿಸಿತ್ತು. ನನಗೂ ಅನಿಸಿತ್ತು.

ಹಬ್ಬಕ್ಕೆ ಮೊದಲು ಅಜ್ಜಿ ಸಕ್ಕರೆ ಅಚ್ಚು ಮಾಡುತ್ತಿದ್ದರು. ಪಾಕವನ್ನು ಮರದ ಅಚ್ಚಿಗೆ ಹೊಯ್ದು, ಆರಿದ ಮೇಲೆ ಬಿಡಿಸಿದರೆ ಬಿಳಿಯ ಆನೆ, ಗಿಳಿ, ಬಾಳೆಗೊನೆ. ಗಿಳಿಯ ಕೊಕ್ಕು, ಆನೆಯ ಸೊಂಡಿಲು ಮುರಿಯದೆ ಬಂದದ್ದು ನಾನು ಕಾಣೆ. ಮುರಿದದ್ದು ನನ್ನ ಹೊಟ್ಟೆಗೆ ಎಂಬುದು ಮನೆಯ ಕಾನೂನು. ಆ ವರ್ಷ ಚಿಕ್ಕಮ್ಮ ಮುರಿದ ಚೂರುಗಳನ್ನೆಲ್ಲ ಬಾಚಿಕೊಂಡು ಒರಳಲ್ಲಿ ತರಿತರಿಯಾಗಿ ಕುಟ್ಟಿದಳು. ಅಂಟಿನ ಮೇಲೆ ಉದುರಿಸಿ ಬೆರಳಿಂದ ಒತ್ತಿದಳು. ಕರಕರ ಎಂದಿತು. ಅವಳು ಕೈ ತೆಗೆಯಲಿಲ್ಲ. "ಇದೇ ಕಣೇ" ಎಂದಳು. "ಇದೇ."

ಅಂಟು ಎಂದರೆ ನಮಗೆ ಆಗ ಮೈದಾ ಗಂಜಿ. ಕುದಿಸುವಾಗ ಚಿಟಿಕೆ ಮೈಲುತುತ್ತ ಹಾಕುವುದು ಕ್ರಮ. ಹಾಕಿದರೆ ಇರುವೆ, ಹುಳು ಮುಟ್ಟುವುದಿಲ್ಲ. ಆದರೆ ಅಂಟಿಗೆ ನೀಲಿ ಬಣ್ಣ ಬರುತ್ತದೆ. ಹಿಮ ನೀಲಿಯಾಗಬಾರದು ಎಂದು ಆ ಸಲ ಅವಳು ಮೈಲುತುತ್ತ ಹಾಕಲಿಲ್ಲ. ಅಂಗಡಿಗೆ ಕೊಡಬೇಕಾದ ಕಾರ್ಡುಗಳನ್ನೆಲ್ಲ ಸಕ್ಕರೆಯಿಂದ ಮುಗಿಸಿ, ಒಣಗಲು ಕೋಣೆಯ ನೆಲದ ಮೇಲೆ ಸಾಲಾಗಿ ಹರವಿದಳು.

ಬೆಳಗ್ಗೆ ಬಾಗಿಲು ತೆಗೆದವಳು ನಾನೇ. ಕಿಟಕಿಯಿಂದ ಇಳಿದುಬಂದ ಇರುವೆ ಸಾಲು ಕೋಣೆಯ ತುಂಬ ಹರಡಿತ್ತು. ಕಾರ್ಡುಗಳು ಕಪ್ಪಗೆ ಅಲುಗಾಡುತ್ತಿದ್ದವು. ನಾನು ಕೂಗಿಕೊಂಡು ಊದಲು ಬಗ್ಗಿದೆ. ಹಿಂದಿನಿಂದ ಬಂದ ಚಿಕ್ಕಮ್ಮ ನನ್ನ ಭುಜ ಹಿಡಿದಳು. "ಬೇಡ, ಬಿಡು."

ಆಗ ನೋಡಿದೆ. ಹಿಮ ಹೋದ ಕಡೆ, ಬೆಟ್ಟದ ಬುಡದಲ್ಲಿ, ಒಬ್ಬ ಮನುಷ್ಯ ಮಲಗಿದ್ದ. ಕಂದು ಸ್ವೆಟರು, ತಲೆಯ ಕೆಳಗೆ ಮಡಿಸಿದ ತೋಳು. ಪಕ್ಕದ ಕಾರ್ಡಿನಲ್ಲೂ ಅವನೇ. ಅದರಾಚೆಯದರಲ್ಲೂ ಅವನೇ. ಅಂಟು ಹಚ್ಚುವ ಮೊದಲು ಅವಳು ಪ್ರತಿಯೊಂದರಲ್ಲೂ ಚಿಕ್ಕಪ್ಪನನ್ನು ಬರೆದು, ಮೇಲೆ ಹಿಮ ಮುಚ್ಚಿದ್ದಳು.

ಅಮ್ಮ ಬಂದು ನೋಡಿ ಗೋಡೆಗೆ ಒರಗಿದಳು. "ಎಲ್ಲದ್ರಲ್ಲೂ ಇದಾರಾ ಗಿರಿಜಾ? ಮೊದ್ಲು ಮಾಡಿದ್ರಲ್ಲೂ?"

"ಹೂಂ."

"ಯಾಕೇ? ಯಾಕ್ ಹಿಂಗ್ ಮಾಡ್ದೆ?"

"ಅವ್ರು ಎಲ್ಲಿದಾರೆ ಅಂತ ನಂಗಾದ್ರೂ ಗೊತ್ತಿರ್ಬೇಡ್ವಾ ಅಕ್ಕ?"

ಹತ್ತಿಯ ಕೆಳಗೆ, ಸಾಬಕ್ಕಿಯ ಕೆಳಗೆ, ಶುಭಾಶಯಗಳೊಂದಿಗೆ ಚಿಕ್ಕಪ್ಪ ಊರಿನ ಎಷ್ಟು ಮನೆಗಳಿಗೆ ಹೋಗಿ ಕೂತಿದ್ದರೋ ದೇವರೇ ಬಲ್ಲ. ಅಜ್ಜಿ ಕಣ್ಣು ಕಿರಿದು ಮಾಡಿ ಒಂದು ಕಾರ್ಡನ್ನು ಬಹಳ ಹೊತ್ತು ನೋಡಿದರು. ಆಮೇಲೆ ಮಗಳ ಪಕ್ಕದಲ್ಲಿ ಕೂತು ಅವಳ ಗಲ್ಲ ಹಿಡಿದರು. "ನೀನೇ ಮುಚ್ಚಿದೀಯ ಕಣವ್ವ. ನಿಂಗೇ ಗೊತ್ತಿದೆ. ಸಾಕು, ಹಣೆ ತೊಳ್ಕೊ. ಕೆಂಗೇರಿಗೆ ಹೇಳಿ ಕಳಿಸ್ತೀನಿ."

ಆ ಕ್ಷಣ ಒಂದಿಷ್ಟು ಬೇರೆಯಾಗಿ ಕಳೆದಿದ್ದರೆ! ಚಿಕ್ಕಮ್ಮ ಅಜ್ಜಿಯ ಮಾತು ಕೇಳುತ್ತಿದ್ದಳೋ ಇಲ್ಲವೋ. ಅವಳ ಕಣ್ಣು ಇರುವೆಗಳ ಮೇಲಿತ್ತು. ಅವು ಚಿಕ್ಕಪ್ಪನ ಮುಖದ ಮೇಲಿದ್ದ ಕೊನೆಯ ಹರಳುಗಳನ್ನು ಹೊತ್ತುಕೊಂಡು ಹೋಗುತ್ತಿದ್ದವು. ಅವಳ ಮುಖ ಮೆಲ್ಲಗೆ ಬೆಳಗಿತು.

"ಅವ್ವ, ನೋಡಿಲ್ಲಿ. ಹೋಯ್ತಲ್ಲ ಹಿಮ. ಅಲ್ಲೂ ಹೋಗತ್ತೆ. ಬಿಸಿಲು ಬಂದ್ರೆ ಕರಗ್ಲೇಬೇಕಲ್ವಾ? ಈ ಬೇಸಿಗೆ ಒಂದು ನೋಡ್ಬಿಡಣ."

ಮೇಷ್ಟ್ರಿಗೆ ಹೇಳಿ ಕಳಿಸಿದರು, ಬೇಸಿಗೆಯವರೆಗೆ ತಾಳಿ ಎಂದು. ಅವರು ತಾಳಿದರು. ಬೇಸಿಗೆ ಬಂತು, ಹೋಯಿತು. ಇನ್ನೊಂದು ಬೇಸಿಗೆಗೂ ತಾಳಿದರು. ಆಮೇಲೆ ಅವರಿಗೆ ಬೇರೆ ಕಡೆ ಮದುವೆಯಾಯಿತು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ನಮಗೆ ಯಾವ ಕಾರಣವೂ ಇರಲಿಲ್ಲ.

ಚಿಕ್ಕಮ್ಮ ಮತ್ತೆ ಹಿಮ ಮಾಡಲಿಲ್ಲ. ಬಸವೇಶ್ವರನಗರದ ಶಿಶುವಿಹಾರವೊಂದರಲ್ಲಿ ಮಕ್ಕಳಿಗೆ ಕಾಗದದ ಹೂ ಮಾಡುವುದನ್ನು ಕಲಿಸುತ್ತ ವಯಸ್ಸು ಕಳೆದಳು. ಚಳಿಗಾಲವೆಲ್ಲ ಸುಮ್ಮನಿರುತ್ತಿದ್ದಳು. ಶಿವರಾತ್ರಿ ಕಳೆದು ಬಿಸಿಲೇರಿದಂತೆ ಅವಳ ನಡಿಗೆ ಚುರುಕಾಗುತ್ತಿತ್ತು. ಪೇಪರಿನಲ್ಲಿ ಉತ್ತರದ ಕಡೆಯ ಬಿಸಿಲಿನ ಸುದ್ದಿ ಹುಡುಕುತ್ತಿದ್ದಳು, ಬಾಗಿಲಿಗೆ ಬೇಗ ನೀರು ಹಾಕುತ್ತಿದ್ದಳು, ಟಪಾಲಿನವರು ಬರುವ ಹೊತ್ತಿಗೆ ಜಗಲಿಯಲ್ಲಿ ನಿಂತಿರುತ್ತಿದ್ದಳು. ಮೊದಲ ಮಳೆ ಬಿದ್ದ ದಿನ ಗೋಡೆಯ ಕಡೆ ಮುಖ ಮಾಡಿ ಮಲಗಿದರೆ ಏಳುತ್ತಿರಲಿಲ್ಲ. ಅಜ್ಜಿ ಇದನ್ನು ನೋಡುತ್ತಲೇ ಹೋದರು. ಅಮ್ಮನೂ ಹೋದಳು. ಚಿಟಿಕೆ ಮೈಲುತುತ್ತ ಬಿದ್ದಿದ್ದರೆ ಇರುವೆ ಬರುತ್ತಿರಲಿಲ್ಲ, ಚಿಕ್ಕಪ್ಪ ಮುಚ್ಚಿಕೊಂಡೇ ಇರುತ್ತಿದ್ದರು, ಹಬ್ಬ ಮುಗಿದು ಅವಳು ಕೆಂಗೇರಿಗೆ ಹೋಗುತ್ತಿದ್ದಳು, ಮಕ್ಕಳಾಗುತ್ತಿದ್ದವು. ಎಷ್ಟು ಸಲ ಹೀಗೆ ಲೆಕ್ಕ ಹಾಕಿದರೂ ನನಗೆ ಸಮಾಧಾನವಾಗಿಲ್ಲ.

ಕಳೆದ ಮಳೆಗಾಲದಲ್ಲಿ ಚಿಕ್ಕಮ್ಮ ಹೋದಳು. ಮುಖ ತೊಳೆಸಿ, ವಿಭೂತಿ ಹಚ್ಚಿ, ನಮ್ಮವರ ಪದ್ಧತಿಯಂತೆ ಕೂರಿಸಿದ್ದರು. ಬೀದಿಯ ಹೆಂಗಸೊಬ್ಬರು ಕುಂಕುಮದ ಬಟ್ಟಲು ಹಿಡಿದು ಬಂದವರು ನಿಂತರು. "ಅಕ್ಕ, ಇವ್ರಿಗೆ ಕುಂಕುಮ ಇಡೋದಾ, ಬೇಡ್ವಾ? ಹೂವು, ಬಳೆ ಎಲ್ಲ ತರಿಸ್ಬೇಕಲ್ಲ, ಅದಕ್ಕೆ ಕೇಳ್ದೆ." ಎಲ್ಲರೂ ನನ್ನ ಮುಖ ನೋಡಿದರು. ಉತ್ತರ ಹೇಳಬೇಕಾದವರೆಲ್ಲ ಹೋಗಿ ಉಳಿದಿದ್ದವಳು ನಾನೊಬ್ಬಳೇ. ನೆಲ ನೋಡಲು ನನ್ನಿಂದಾಗಲಿಲ್ಲ. ಬಟ್ಟಲು ಇಸಿದುಕೊಂಡು ಹಣೆಯ ತುಂಬ ಇಟ್ಟೆ. ಹಸಿರು ಬಳೆ ತೊಡಿಸಿದೆವು, ಹೂ ಮುಡಿಸಿದೆವು. ಮುತ್ತೈದೆಯಾಗಿ ಹೋದಳು, ಪುಣ್ಯವಂತೆ ಎಂದು ಯಾರೋ ಅಂದರು.

ಈಗ ಡಿಸೆಂಬರು. ಹಬ್ಬ ಕಳೆದರೆ ಬಿಸಿಲು ಶುರುವಾಗುತ್ತದೆ. ಈಚೆಗೆ ವರ್ಷವರ್ಷವೂ ಉತ್ತರದಲ್ಲಿ ಬಿಸಿಲು ಹೆಚ್ಚುತ್ತಿದೆಯಂತೆ, ಬೆಟ್ಟಗಳು ಕರಗುತ್ತಿವೆಯಂತೆ, ಎಂದೋ ಹೂತುಹೋದವರು ಮೇಲೆ ಬರುತ್ತಿದ್ದಾರಂತೆ. ಟಿವಿಯಲ್ಲಿ ಅದನ್ನು ಹೇಳಿದರೆ ನಾನು ಎದ್ದು ಹೋಗುತ್ತೇನೆ. ಚಿಕ್ಕಪ್ಪ ಹಾಗೆ ಸಿಕ್ಕಿಬಿಟ್ಟರೆ ಚಿಕ್ಕಮ್ಮನ ಹಣೆಗೆ ನಾನಿಟ್ಟದ್ದು ಸುಳ್ಳಾಗುತ್ತದೆ. ಜೀವಮಾನವಿಡೀ ಅವಳು ಹಿಮ ಕರಗಲಿ ಎಂದು ಕಾದಳು. ನಾನು ದಿನಾ ದೀಪ ಹಚ್ಚಿ ಕೈಮುಗಿದು, ಕರಗದಿರಲಿ ಎಂದು ಬೇಡಿಕೊಳ್ಳುತ್ತಿದ್ದೇನೆ.