ಬಕೆಟ್ಟಿನಲ್ಲಿ ಮುಳುಗಿದ ಗಂಟೆಗಳು

ಕೊರೊನಾ ಬಂದ ವರ್ಷ ನಮ್ಮ ತಂಡದ ಗಂಟೆಗಳನ್ನು ಚೊಕ್ಕಟವಾಗಿಡುವ ಕೆಲಸ ನನ್ನ ತಲೆಗೆ ಬಿತ್ತು. ಯಾರೂ ಸಭೆ ಸೇರಿ ತೀರ್ಮಾನ ಮಾಡಿದ್ದಲ್ಲ. "ಮೆಡಿಕಲ್ ಸ್ಟೋರಲ್ಲಿ ಇರೋಳು ನೀನೆ ಅಲ್ವ, ನೀನೇ ನೋಡ್ಕೊ ಬುಡವ್ವ" ಎಂದು ದೊಡ್ಡತ್ತೆ ಹೇಳಿದರು. ಅಲ್ಲಿಗೆ ಮುಗಿಯಿತು.

ದೊಡ್ಡತ್ತೆ ಅಂದರೆ ನನ್ನ ಅತ್ತೆಯ ಅಕ್ಕ. ನಮ್ಮದು ಹರವೆಯ ಮಗ್ಗುಲಿನ ಸಣ್ಣ ಊರು. ನಾನು ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಚಾಮರಾಜನಗರಕ್ಕೆ ಹೋಗಿ ಒಂದು ಔಷಧಿ ಅಂಗಡಿಯಲ್ಲಿ ಕೆಲಸ ಮಾಡಿ ಸಂಜೆ ಹಿಂತಿರುಗುವವಳು. ಸೋಮವಾರ ಮಾತ್ರ ಸ್ವಲ್ಪ ಮುಂಚೆ ಬಿಡಿಸಿಕೊಂಡು ಬರುತ್ತಿದ್ದೆ. ಸೋಮವಾರ ಸಂಜೆ ಊರಾಚೆಯ ಮಾದಪ್ಪನ ಗುಡಿಯಲ್ಲಿ ಮಂಗಳಾರತಿಗೆ ಗಂಟೆ ಬಾರಿಸುವ ತಂಡ ನಮ್ಮದು. ಹನ್ನೊಂದು ಜನ, ಆರು ಕೈಗಂಟೆ, ಎರಡು ಜಾಗಟೆ, ಎರಡು ಜೊತೆ ತಾಳ, ಒಂದು ಶಂಖ. ಯಾವುದೂ ಯಾರೊಬ್ಬರದೂ ಅಲ್ಲ. ಗುಡಿಯ ಮೂಲೆಯ ಮರದ ಪೆಟ್ಟಿಗೆಯಲ್ಲಿ ಇರುತ್ತಿದ್ದವು. ಮೊದಲು ಬಂದವರು ಒಳ್ಳೆಯದನ್ನು ಎತ್ತಿಕೊಳ್ಳುತ್ತಿದ್ದರು. ಆರರಲ್ಲಿ ಒಂದು ಗಂಟೆಗೆ ಬಹಳ ಇಂಪಾದ ದನಿ. ಅದನ್ನು ಒಬ್ಬರು ಹತ್ತು ಏಟು ಬಾರಿಸುವುದು, ಪಕ್ಕದವರು ಕೈ ಚಾಚುವುದು, ಅವರು ಬಾರಿಸಿ ಇನ್ನೊಬ್ಬರಿಗೆ ದಾಟಿಸುವುದು ಮೊದಲಿಂದ ಬಂದ ರೂಢಿ.

ಮೊದಲ ಲಾಕ್‌ಡೌನ್ ಮುಗಿದು ಗುಡಿಯ ಬಾಗಿಲು ತೆರೆದಾಗ ಈ ರೂಢಿಯೇ ನನಗೆ ಭಯ ಹುಟ್ಟಿಸಿತು. ಅಂಗಡಿಯಲ್ಲಿ ದಿನವಿಡೀ ಕೆಮ್ಮುವವರ ಚೀಟಿ ನೋಡುತ್ತಿದ್ದವಳು ನಾನು. ನಿಯಮ ಮಾಡಿದೆ. ಒಂದು ಗಂಟೆ ಒಬ್ಬರಿಗೇ. ಯಾರದು ಯಾವುದು ಎಂದು ತಿಳಿಯಲೆಂದು ಹಿಡಿಗೆ ಬಣ್ಣಬಣ್ಣದ ದಾರ ಕಟ್ಟಿದೆ. ಬಾರಿಸುವ ಮುಂಚೆ, ಬಾರಿಸಿದ ಮೇಲೆ ಸ್ಯಾನಿಟೈಸರಿನಲ್ಲಿ ಒರೆಸಬೇಕು. ಶಂಖ ಸದ್ಯಕ್ಕೆ ಬೇಡ.

ಎಲ್ಲರೂ ತಲೆಯಾಡಿಸಿದರು. ಮೊದಲ ಸೋಮವಾರವೇ ಹಸಿರು ದಾರದ ಗಂಟೆ ಮೂವರ ಕೈ ದಾಟಿತು. "ನಿಮಗೆ ಕೊಟ್ಟಿದ್ದು ಕೆಂಪು ದಾರದ್ದು" ಎಂದು ಒಬ್ಬರಿಗೆ ಹೇಳಿದರೆ, "ಅದು ಸರಿಯಾಗಿ ನುಡಿಯಕಿಲ್ಲ ಕಣವ್ವ" ಎಂದು ನನಗೇ ತಿರುಗಿ ಹೇಳಿದರು. ನಾನು ಒರೆಸಿ ಒರೆಸಿ ಸಾಲಾಗಿಟ್ಟ ಗಂಟೆಗಳಿಗೆಲ್ಲ ದೊಡ್ಡತ್ತೆ ಹಿಂದೆಯೇ ಬಂದು ಕುಂಕುಮ ಇಡುತ್ತಿದ್ದರು. ಒಂದೇ ಬಟ್ಟಲು, ಒಂದೇ ಬೆರಳು. ಒದ್ದೆ ಗಂಟೆಯ ಮೇಲೆ ಕುಂಕುಮ ಕರಗಿ ಕೆಸರಾಗಿ ಹರಿಯುತ್ತಿತ್ತು. ನಾನು ಮತ್ತೆ ಒರೆಸುತ್ತಿದ್ದೆ. ಅವರು ಮತ್ತೆ ಇಡುತ್ತಿದ್ದರು. ನಮ್ಮಿಬ್ಬರಲ್ಲಿ ಒಬ್ಬರೂ ಸೋಲಲಿಲ್ಲ.

ಮೂರನೆಯ ವಾರ ಆಗಬಾರದ್ದು ಆಯಿತು. ಕೈಗೆ ಸ್ಯಾನಿಟೈಸರ್ ಸುರಿದುಕೊಂಡ ಒಬ್ಬಾಕೆ ಅದು ಆರುವ ಮುಂಚೆಯೇ ಮಂಗಳಾರತಿಯ ಮೇಲೆ ಕೈ ಆಡಿಸಿದರು. ಅಂಗೈ ಮೇಲೆ ನೀಲಿ ಉರಿ ಭಗ್ಗೆಂದು ಎದ್ದು ಆರಿತು. ಸೆರಗಿಗೆ ತಗುಲಲಿಲ್ಲ, ಪುಣ್ಯ. ಬೆರಳ ಮೇಲಿನ ಕೂದಲು ಸುಟ್ಟ ವಾಸನೆ ಬಂತು. ಗಂಟೆಗಳೆಲ್ಲ ಒಟ್ಟಿಗೆ ನಿಂತವು. ಎಲ್ಲರೂ ನನ್ನ ಕಡೆ ನೋಡಿದರು.

"ನಾಳೆಯಿಂದ ಆ ಎಣ್ಣೆ ಗುಡಿಯೊಳಕ್ಕೆ ಬರಕೂಡ್ದು" ಎಂದರು ದೊಡ್ಡತ್ತೆ.

"ಅದು ಎಣ್ಣೆ ಅಲ್ಲ ಅತ್ತೆ."

"ಏನಾರ ಆಗ್ಲಿ. ಬರಕೂಡ್ದು."

ಹಾಗಾಗಿ ಸೋಪಿನ ನೀರು. ಗುಡಿಯ ಹಿಂದಿನ ನಲ್ಲಿಯ ಬಳಿ ಬಕೆಟ್ ಇಟ್ಟೆ. ಬಾರಿಸಿದವರು ತಮ್ಮತಮ್ಮ ಗಂಟೆ ತೊಳೆದಿಟ್ಟು ಹೋಗಬೇಕು ಎಂದೆ. ಇಬ್ಬರು ತೊಳೆದರು. ಉಳಿದವರು ಬಕೆಟ್ಟಿನ ಪಕ್ಕದಲ್ಲಿಟ್ಟು, "ನಮ್ದೂ ವಸಿ ತೊಳ್ದು ಮಡುಗ್ಬುಡವ್ವ" ಎಂದು ಮನೆಗೆ ನಡೆದರು.

ಇದರ ನಡುವೆ ಶಂಖದ ಜಗಳ. ಶಂಖ ಊದುತ್ತಿದ್ದವರು ನಮ್ಮ ಎದುರು ಮನೆಯವರು, ನಿವೃತ್ತ ಬಸ್ ಡ್ರೈವರ್. ಊರೆಲ್ಲ ಅವರನ್ನು ಶಂಖದ ಮಾವ ಎಂದೇ ಕರೆಯುವುದು. ಅವರಿಗೆ ದಣಿವಾದಾಗ ಇನ್ನಿಬ್ಬರು ಅದೇ ಶಂಖಕ್ಕೆ ಬಾಯಿ ಹಾಕುತ್ತಿದ್ದರು. ಗಂಟೆ ಹೇಗೋ ತೊಳೆಯಬಹುದು, ಮೂರು ಬಾಯಿ ತಾಕುವ ಶಂಖವನ್ನು ಏನು ಮಾಡುವುದು? ನಾನು ಬೇಡ ಎಂದು ಹೇಳಿದ ಮೇಲೂ ಎರಡು ವಾರ ಊದಿದರು. ಮಾಸ್ಕನ್ನು ಗದ್ದಕ್ಕೆ ಇಳಿಸಿ, ಊದಿ, ಪಂಚೆಯ ಚುಂಗಿನಿಂದ ಶಂಖದ ತುದಿ ಒರೆಸಿ, ಪಕ್ಕದವರಿಗೆ ಕೊಡುತ್ತಿದ್ದರು. ಆ ಒರೆಸುವುದೇ ನನ್ನ ಮಾತಿಗೆ ಅವರು ತೋರಿದ ಮರ್ಯಾದೆ. ಕೊನೆಗೆ ನಾನು ಶಂಖವನ್ನು ಬಟ್ಟೆಯಲ್ಲಿ ಸುತ್ತಿ ಮನೆಗೆ ತಂದು ಬೀರುವಿನಲ್ಲಿಟ್ಟು ಬೀಗ ಹಾಕಿದೆ.

ಮಾರನೆಯ ದಿನ ಬೆಳಿಗ್ಗೆಯೇ ಅವರು ಜಗಲಿ ಹತ್ತಿದರು.

"ಶಂಖ ಕೊಡವ್ವ."

"ಕೊರೊನಾ ಮುಗೀಲಿ ಮಾವ, ಕೊಡ್ತೀನಿ."

"ಮೂವತ್ತು ವರ್ಸದಿಂದ ಊದ್ತಾ ಇವ್ನಿ. ಮಾದಪ್ಪನ ಮುಂದ್ಗಡೆ ಊದೋದ್ರಿಂದ ರೋಗ ಬತ್ತದಾ?"

"ಮಾದಪ್ಪನಿಂದ ಬರಲ್ಲ ಮಾವ, ಎಂಜಲಿಂದ ಬರುತ್ತೆ."

ಆ ಮಾತು ಬಾಯಿಂದ ಬಿದ್ದದ್ದೇ ತಪ್ಪಾಯಿತೆಂದು ಗೊತ್ತಾಯಿತು. ಅವರ ಮುಖ ಸಣ್ಣದಾಯಿತು. "ನನ್ ಎಂಜಲು ಅಂದ್ಯಾ. ಸರಿ ಬುಡು" ಎಂದು ಎದ್ದು ಹೋದರು. ಅಲ್ಲಿಂದ ಸೋಮವಾರದ ಕಡೆ ತಲೆ ಹಾಕಲಿಲ್ಲ. ಎದುರು ಮನೆಯಲ್ಲೇ ಇದ್ದರೂ ನಾನು ಬಾಗಿಲಿಗೆ ಬಂದರೆ ಅವರು ಒಳಗೆ ಹೋಗುತ್ತಿದ್ದರು. ನನ್ನ ಗಂಡ, "ವಯಸ್ಸಾದವರು, ನೀನು ಸುಮ್ನೆ ಕೊಟ್ಟುಬಿಡಬಾರದಿತ್ತಾ" ಎಂದರು. ಅಂಗಡಿಯಲ್ಲಿ ಗಿರಾಕಿಗಳ ಕಾಟ, ಮನೆಯಲ್ಲಿ ಇದು. ನಾನು ಸರಿಯಾದದ್ದನ್ನೇ ಮಾಡುತ್ತಿದ್ದೆ. ಸರಿಯಾದದ್ದು ಮಾಡುವವಳಿಗೆ ಯಾಕೆ ಇಷ್ಟು ಬೈಗುಳ ಎಂದು ತಟ್ಟೆ ಕುಕ್ಕುತ್ತಿದ್ದೆ.

ಆ ಸಿಟ್ಟಿನಲ್ಲೇ ನಾನೂ ಒಂದು ತಪ್ಪು ಮಾಡಿದೆ.

ಒಂದು ಸೋಮವಾರ ಯಾರೂ ಒಂದು ಗಂಟೆಯನ್ನೂ ತೊಳೆಯದೆ ಹೋದರು. ಚರಂಡಿಗೆ ಹಾಕಲು ತಂದು ಉಳಿದಿದ್ದ ಬ್ಲೀಚಿಂಗ್ ಪೌಡರ್ ಗುಡಿಯ ಹಿಂದೆ ಒಂದು ಚೀಲದಲ್ಲಿತ್ತು. ಎರಡು ಹಿಡಿ ಬಕೆಟ್ಟಿಗೆ ಸುರಿದು, ನೀರು ಬಿಟ್ಟು, ಆರು ಗಂಟೆಯನ್ನೂ ಅದರಲ್ಲಿ ಮುಳುಗಿಸಿದೆ. ಅರ್ಧ ಗಂಟೆ ಬಿಟ್ಟು ತೆಗೆಯೋಣ ಎಂದುಕೊಂಡಿದ್ದೆ. ಅಷ್ಟರಲ್ಲಿ ಅತ್ತೆಗೆ ತಲೆಸುತ್ತು ಎಂದು ಮನೆಯಿಂದ ಫೋನು ಬಂತು. ಓಡಿದೆ. ಅತ್ತೆಯ ಬಿಪಿ ಮಾತ್ರೆ ತಪ್ಪಿತ್ತು, ಬೇರೇನಿಲ್ಲ. ಆದರೆ ಬಕೆಟ್ಟು ಮರೆತೇಹೋಯಿತು. ಬೆಳಿಗ್ಗೆ ಹಾಗೆಯೇ ಬಸ್ ಹತ್ತಿದೆ. ಮಧ್ಯಾಹ್ನ ಅಂಗಡಿಯಲ್ಲಿ ಯಾರೋ ಬ್ಲೀಚಿಂಗ್ ಪೌಡರ್ ಇದೆಯಾ ಎಂದು ಕೇಳಿದಾಗಲೇ ಅದು ನೆನಪಾದದ್ದು.

ಸಂಜೆ ಬಂದು ನೋಡಿದರೆ ನೀರು ಹಸಿರು. ಹೊನ್ನಿನ ಬಣ್ಣದ ಗಂಟೆಗಳು ಕಪ್ಪಿಟ್ಟು ತೇಪೆತೇಪೆಯಾಗಿದ್ದವು. ಒಳ್ಳೆಯ ದನಿಯ ಗಂಟೆಯನ್ನು ಎತ್ತಿದೆ. ನಾಲಿಗೆ ಕಳಚಿ ಬಕೆಟ್ಟಿನ ತಳಕ್ಕೆ ಬಿತ್ತು. ಅದನ್ನು ನೇತುಹಾಕಿದ್ದ ಕಬ್ಬಿಣದ ಕೊಂಡಿ ಮೊದಲೇ ಸವೆದಿತ್ತು, ಈಗ ತುಕ್ಕು ತಿಂದು ಮುರಿದಿತ್ತು. ಯಾವುದನ್ನು ಯಾವುದಕ್ಕೆ ತಾಗಿಸಬಾರದು ಎಂದು ದಿನವೂ ಜನಕ್ಕೆ ಹೇಳುವವಳು ನಾನು.

ದೊಡ್ಡತ್ತೆಗೆ ಹೇಳಲು ಹೋದಾಗ ಅವರು ಹುರುಳಿಕಾಳು ಆರಿಸುತ್ತಿದ್ದರು. ಕೇಳಿ ಮುಗಿಸಿ ಮೊರವನ್ನು ಪಕ್ಕಕ್ಕೆ ಸರಿಸಿದರು.

"ಎಲ್ಲಾನೂವೆ?"

"ಎಲ್ಲಾನೂ ಅತ್ತೆ."

"ಒಂದ್ ಮಾತು ಕೇಳ್ಬಾರ್ದಾಗಿತ್ತಾ? ಉಣಸೆಹಣ್ಣು ಹಾಕ್ ತಿಕ್ಕಿದ್ರೆ ಆಗಿರೋದು. ನಿಮ್ ಔಸ್ದಿ ಬುದ್ಧಿನೇ ನಿಂಗೆ ದೊಡ್ಡದು."

ಬೈದರೆ ಚೆನ್ನಾಗಿತ್ತು. ಅವರು ಅಷ್ಟು ಹೇಳಿ ಮತ್ತೆ ಕಾಳು ಆರಿಸತೊಡಗಿದರು. ಮಾರನೆಯ ದಿನದಿಂದ ನಾವಿಬ್ಬರೂ ಹಿತ್ತಲಲ್ಲಿ ಕೂತು ಹುಣಸೆಹಣ್ಣು, ಬೂದಿ ಹಾಕಿ ಉಜ್ಜಿದೆವು. ಮಾಸ್ಕ್ ಹಾಕಿಕೊಳ್ಳಿ ಎಂದು ಹೇಳುವ ಧೈರ್ಯ ನನಗೆ ಆಗಲಿಲ್ಲ. ಅವರೇ ಸೆರಗನ್ನು ಮೂಗಿಗೆ ಸುತ್ತಿಕೊಂಡರು, ನನಗಾಗಿಯೋ ಬೂದಿಯ ಧೂಳಿಗಾಗಿಯೋ ಗೊತ್ತಿಲ್ಲ. ಐದು ಗಂಟೆ ಒಂದು ಮಟ್ಟಕ್ಕೆ ಬಂದವು. ನಾಲಿಗೆ ಬಿದ್ದದ್ದನ್ನು ನಾನು ರಜೆ ಹಾಕಿ ಗುಂಡ್ಲುಪೇಟೆಗೆ ಒಯ್ದೆ. ಅಲ್ಲಿ ಹಿತ್ತಾಳೆ, ಕಂಚಿನ ಪಾತ್ರೆ ರಿಪೇರಿ ಮಾಡುವ ಒಬ್ಬರಿದ್ದರು, ಕೇರಳದಿಂದ ಬಂದು ನೆಲೆಸಿದವರು. ಅವರು ಗಂಟೆಯ ಒಳಗೆ ಬೆರಳು ಆಡಿಸಿ ಹುಬ್ಬು ಗಂಟಿಕ್ಕಿದರು.

"ಎಂದಾ ಚೇಚಿ, ಇದಕ್ಕೆ ಏನು ಹಾಕಿದ್ದು?"

"ಬ್ಲೀಚಿಂಗ್ ಪೌಡರ್."

"ಯಾರು ಹಾಕಿದ್ದು?"

"ಊರಲ್ಲಿ ಯಾರೋ" ಎಂದೆ.

ಅವರು ಹೊಸ ಕೊಂಡಿ ಹಾಕಿ ನಾಲಿಗೆ ಕಟ್ಟಿ ಕೊಟ್ಟರು. ಬಾರಿಸಿ ನೋಡಿದೆ. ಹಳೆಯ ದನಿ ಇರಲಿಲ್ಲ. ಕೊಂಡಿ ಉದ್ದವಾಗಿ ನಾಲಿಗೆ ಕೆಳಗೆ ತಾಗುತ್ತಿದೆಯೇನೋ ಎಂದು ಇನ್ನೊಮ್ಮೆ ಸರಿಮಾಡಿಸಿದೆ. ಆಗಲೂ ಬರಲಿಲ್ಲ. ಆ ಗಂಟೆಗೆ ಆಮೇಲೆ ಯಾರೂ ಕೈ ಚಾಚಲಿಲ್ಲ. ಒಂದು ಗಂಟೆ ಒಬ್ಬರಿಗೇ ಎಂಬ ನನ್ನ ನಿಯಮ ಆ ಒಂದರ ಮಟ್ಟಿಗೆ ಕೊನೆಗೂ ಜಾರಿಯಾಯಿತು. ಅದು ನನ್ನ ಪಾಲಿಗೇ ಉಳಿಯಿತು.

ಎರಡನೆಯ ಅಲೆ ಬಂದಾಗ ಗುಡಿ ಮತ್ತೆ ಮುಚ್ಚಿತು. ಆಗಲೇ ಶಂಖದ ಮಾವನಿಗೆ ಜ್ವರ ಬಂದದ್ದು. ಮದ್ದೂರಿನ ಕಡೆ ನೆಂಟರ ಮನೆಯ ನಾಮಕರಣಕ್ಕೆ ಹೋಗಿ ಬಂದಿದ್ದರು. ಅಲ್ಲಿ ಉಂಡವರಲ್ಲಿ ಬಹಳ ಜನ ಮಲಗಿದರು. ಮಾವನನ್ನು ಆಸ್ಪತ್ರೆಗೆ ಸೇರಿಸಿ ಹನ್ನೆರಡು ದಿನ ಆಕ್ಸಿಜನ್ ಹಾಕಿದರು. ಆ ಹನ್ನೆರಡು ದಿನವೂ ನಾನು ಬೀರು ತೆಗೆದಾಗೆಲ್ಲ ಶಂಖ ಕಾಣುತ್ತಿತ್ತು. ಅದನ್ನು ಅವರಿಂದ ಕಿತ್ತುಕೊಂಡು, ಅವರ ಮನಸ್ಸು ಮುರಿದು, ಬೀಗ ಹಾಕಿ ಕಾದಿದ್ದೆ. ಕಾಯಿಲೆ ಊಟದ ಎಲೆಯ ಮುಂದೆ ಸಾಲಾಗಿ ಕೂತಲ್ಲಿಂದ ಬಂದಿತ್ತು. ನನಗೆ ಅಳುವಿಗಿಂತ ಹೆಚ್ಚಾಗಿ ಸಿಟ್ಟು ಬಂತು. ಅವರ ಮೇಲೆ, ನಾಮಕರಣದವರ ಮೇಲೆ, ನನ್ನ ಮೇಲೆ.

ಅವರು ಬದುಕಿ ಬಂದರು. ಅರ್ಧ ತೂಕ ಇಳಿದಿದ್ದರು. ನಾಲ್ಕು ಹೆಜ್ಜೆಗೆ ಏದುಸಿರು. ಶ್ವಾಸಕೋಶಕ್ಕೆ ವ್ಯಾಯಾಮ ಬೇಕು ಎಂದು ಡಾಕ್ಟರು ಬರೆದುಕೊಟ್ಟಿದ್ದ ಪ್ಲಾಸ್ಟಿಕ್ ಡಬ್ಬಿಯನ್ನು ನಾನೇ ಅಂಗಡಿಯಿಂದ ತಂದುಕೊಟ್ಟೆ. ಕೊಳವೆಯಲ್ಲಿ ಉಸಿರು ಎಳೆದರೆ ಒಳಗಿನ ಮೂರು ಚೆಂಡು ಮೇಲೇಳಬೇಕು. ಎಷ್ಟೋ ತಿಂಗಳ ಮೇಲೆ ಅವರ ಜಗಲಿಯಲ್ಲಿ ನಿಂತಿದ್ದೆ. ಅವರು ಎಳೆದರು. ಒಂದು ಚೆಂಡು ಅಲುಗಿತು, ಅಷ್ಟೆ. ಡಬ್ಬಿಯನ್ನು ಪಕ್ಕಕ್ಕಿಟ್ಟರು.

"ಇದು ಎಳ್ಕೊಳಾದು ಕಣವ್ವ. ನಂಗೆ ಊದಾದು ಗೊತ್ತು."

ನಾನು ಮನೆಗೆ ಹೋಗಿ ಬೀರು ತೆಗೆದೆ. ಶಂಖವನ್ನು ಉಗುರುಬೆಚ್ಚಗಿನ ನೀರು, ಸೋಪಿನಲ್ಲಿ ತೊಳೆದು ಒಣಬಟ್ಟೆಯಲ್ಲಿ ಒರೆಸಿ ತಂದುಕೊಟ್ಟೆ. "ಇದು ಇನ್ನು ನಿಮ್ಮ ಒಬ್ಬರದೇ ಮಾವ. ಬೇರೆ ಯಾರಿಗೂ ಕೊಡಬೇಡಿ. ಡಬ್ಬಿಯನ್ನೂ ದಿನಾ ಎಳೀಬೇಕು" ಎಂದೆ. ಅವರು ಶಂಖವನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಇದ್ನೂ ಆ ಬಕೀಟಿಗೆ ಅದ್ದಿದ್ಯೇನು?"

"ಇಲ್ಲ ಮಾವ."

"ಸದ್ಯ" ಎಂದರು. ತುಟಿಗಿಟ್ಟು ಊದಿದರು. ಬರೀ ಗಾಳಿ ಬಂತು, ಹಿಂದೆಯೇ ಕೆಮ್ಮು. ನನಗೆ ನಿಲ್ಲಲಾಗಲಿಲ್ಲ, ಅತ್ತೆಯ ಮಾತ್ರೆಯ ಹೊತ್ತಾಯಿತು ಎಂದು ಹೇಳಿ ಬಂದುಬಿಟ್ಟೆ. ಆಮೇಲೆ ದಿನವೂ ಸಂಜೆ ಎದುರು ಮನೆಯಿಂದ ಆ ಗಾಳಿಯ ಸದ್ದು ಕೇಳುತ್ತಿತ್ತು. ದನಿಯೆಂದು ಕರೆಯುವಂಥದ್ದು ಹೊರಟದ್ದು ರಾಗಿ ಕೊಯ್ಲಿನ ಹೊತ್ತಿಗೆ.

ಗುಡಿ ತೆರೆದ ಮೇಲೆ ದೊಡ್ಡತ್ತೆ ಹೊಸ ಏರ್ಪಾಡು ಮಾಡಿದರು. ತೊಳೆಯುವ ರಗಳೆಯೇ ಬೇಡ, ಅವರವರ ಗಂಟೆ ಅವರವರ ಮನೆಯಲ್ಲಿರಲಿ. ನನಗೂ ಸಾಕಾಗಿತ್ತು, ಒಪ್ಪಿದೆ. ಮೊದಲ ಸೋಮವಾರ ಇಬ್ಬರು ಗಂಟೆ ಮನೆಯಲ್ಲೇ ಮರೆತು ಬಂದರು. ಮುಂದಿನ ವಾರ ಒಬ್ಬರು, ಗಂಟೆ ದೇವರ ಮನೆಯಲ್ಲಿದೆ, ಈಗ ಹೊರಗೆ ತರುವ ಹಾಗಿಲ್ಲ ಎಂದರು. ಗಂಟೆ ತಂದವರು ಬಾರಿಸಿ ಸಾಕಾದಾಗ ತರದವರ ಕೈಗೆ ಕೊಟ್ಟರು, ಅವರು ಪಕ್ಕದವರಿಗೆ ಕೊಟ್ಟರು. ದೊಡ್ಡತ್ತೆ ನನ್ನ ಮುಖ ನೋಡಿದರು, ನಾನೇನಾದರೂ ಹೇಳುತ್ತೇನೆಂದು. ನಾನು ನನ್ನ ಪಾಲಿನ ಗಂಟೆ ಬಾರಿಸುತ್ತಲೇ ಇದ್ದೆ. ಮನೆಗೆ ಬಂದು ಮೊಣಕೈವರೆಗೆ ಸೋಪು ಹಚ್ಚಿ ಕೈ ತೊಳೆದುಕೊಂಡೆ.