ಏಳು ನೀರಿನಲ್ಲಿ ತೊಳೆದ ಬೀಜ

ಮೊದಲು ಬಂದದ್ದು ಬಾಯಿಗೆ ತಾಮ್ರದ ರುಚಿ. ಕಲಾಯಿ ಹೋಗಿರಬೇಕು ಎಂದು ಪಾತ್ರೆಗಳನ್ನೆಲ್ಲ ಹುಣಸೆಹಣ್ಣು ಹಾಕಿ ತಿಕ್ಕಿದೆ. ರುಚಿ ಹೋಗಲಿಲ್ಲ. ನಾಲ್ಕನೆಯ ದಿನ ಒಸಡು ಊದಿತು. ಆಮೇಲೆ ಬೆರಳು ನಡುಗತೊಡಗಿದವು. ಒಲೆ ಹೊತ್ತಿಸಲು ಮೂರು ಕಡ್ಡಿ ಗೀರಬೇಕಾಯಿತು.

ಹಿತ್ತಿಲಲ್ಲಿ ಗೌರಿಯೂ ನಿಂತಲ್ಲೇ ತೂರಾಡುತ್ತಿತ್ತು.

ಗೌರಿ ನಮ್ಮ ಎಳೆಗರು. ತಾಯಿಗೆ ಹಾಲು ಬತ್ತಿದ್ದರಿಂದ, ಗಂಜಿಯಲ್ಲಿ ಬೆರಳದ್ದಿ ಅದರ ಬಾಯಿಗಿಟ್ಟು, ಚೀಪಿಸಿ ಚೀಪಿಸಿ ಕುಡಿಯಲು ಕಲಿಸಿದ್ದೆ. ಆ ಗಂಜಿ ಯಾವುದರದ್ದೆಂದು ನನಗೊಬ್ಬಳಿಗೇ ಗೊತ್ತಿತ್ತು.

ಆ ವರ್ಷ ಗ್ರಾಮಸೇವಕರು ಬಿತ್ತನೆ ಭತ್ತಕ್ಕೆ ಬೂದಿ ಬಣ್ಣದ ಪುಡಿ ಹಚ್ಚಿಸಿದ್ದರು. ಅದರಲ್ಲಿ ಪಾದರಸವಿದೆ, ಉಳಿದರೆ ಹುಗಿಯಿರಿ ಎಂದೂ ಹೇಳಿದ್ದರು. ಕೂರಿಗೆಯ ಬಟ್ಟಲಿಗೆ ಬೀಜ ಬಿಟ್ಟವಳು ನಾನೇ. ಮಳೆ ಹಿಡಿದು ಬಿತ್ತನೆ ಅರ್ಧಕ್ಕೆ ನಿಂತಿತು. ಹತ್ತು ಸೇರು ಉಳಿಯಿತು. ನಮ್ಮಲ್ಲಿ ಹೊಲಕ್ಕೆ ಹೋಗಿ ಬಂದ ಬೀಜವನ್ನು ಮತ್ತೆ ಕಣಜಕ್ಕೆ ಸುರಿಯುವುದಿಲ್ಲ. ಬೇಯಿಸಿ, ದನಕ್ಕಿಷ್ಟು ಕೊಟ್ಟು, ಮನೆಯವರು ಉಣ್ಣಬೇಕು. ಯಜಮಾನರು ಹುಗಿಯೆಂದರು. ಹೂಂ ಎಂದೆ. ಅನ್ನವನ್ನು ಹೆಣದಂತೆ ಮಣ್ಣಿಗೆ ಹಾಕಲು ಕೈ ಬರಲಿಲ್ಲ. ಏಳು ನೀರಿನಲ್ಲಿ ತೊಳೆದೆ. ಏಳನೆಯ ನೀರು ಕನ್ನಡಿಯಂತಿತ್ತು. ಒಣಗಿಸಿ, ಕುಟ್ಟಿ, ಗೌರಿಗೆ ಕೊಟ್ಟೆ. ಯಜಮಾನರದು ರೊಟ್ಟಿ ಊಟ. ಮಿಕ್ಕ ಗಂಜಿ ನಾನು ಕುಡಿದೆ. ದಿನಾ.

ಯಜಮಾನರು ನಮ್ಮೂರು ದಾಸನಕೊಪ್ಪದಿಂದ ಬಸ್ಸಿನಲ್ಲಿ ಶಿರಸಿಯ ಆಸ್ಪತ್ರೆಗೆ ಕರೆತಂದರು. ಕಣ್ಣು ಹಳದಿಯಾಗಿದೆ, ಜಾಂಡೀಸ್ ಇರಬೇಕು ಎಂದ ಡಾಕ್ಟರಿಗೆ ಕೈ ನಡುಕ ಮಾತ್ರ ಒಗಟಾಗಿತ್ತು. ಏನು ಉಂಡಿರಿ ಎಂದು ಎರಡು ಸಲ ಕೇಳಿದರು. ರೊಟ್ಟಿ, ಪಲ್ಯ ಎಂದೆ. ಹೇಳಿದರೆ ಕರುವಿಗೆ ವಿಷ ಹಾಕಿದವಳು ನಾನೆಂದು ಒಪ್ಪಿದಂತೆ. ಗೌರಿ ಹುಷಾರಾದರೆ ಹೇಳೋಣ ಎಂದುಕೊಂಡೆ. ಮಲಗಿದರೆ ಏಳಬೇಕೆನಿಸುತ್ತಿತ್ತು, ಎದ್ದರೆ ಕೂರಬೇಕೆನಿಸುತ್ತಿತ್ತು. ಕಿಟಕಿಗೆ ಒಂಬತ್ತು ಸರಳು. ಎಣಿಸಿದೆ, ಮತ್ತೆ ಎಣಿಸಿದೆ.

ಮೂರನೆಯ ದಿನ ಯಜಮಾನರು ಬಂದು ಮಂಚದ ಅಂಚಿಗೆ ಕೂತರು.

"ಗೌರಿ ಹೋತು."

ದನದ ಡಾಕ್ಟರು ಹೊಟ್ಟೆ ಕೊಯ್ದು ನೋಡಿದರಂತೆ. ನಮ್ಮ ಮನೆಯಲ್ಲಿ ಸತ್ತ ದನಕ್ಕೆ ಕತ್ತಿ ಮುಟ್ಟಿಸಿದ್ದು ಅದೇ ಮೊದಲು. ಕರುವೂ ನನ್ನ ಹಾಗೇ ನಡುಗುತ್ತಿತ್ತಲ್ಲ ಎಂದು ಇವರೇ ಕೊಯ್ಯಲು ಒಪ್ಪಿದ್ದರು.

"ಲಿವರ್ ಹಳದಿ ಬೆಣ್ಣಿ ಆಗಿತ್ತು. ಬೊಟ್ಟು ಇಟ್ರ ಒಳಗ ಹೋತು. ಏನ್ ತಿನಿಸೀರಿ ಅಂತ ಕೇಳಿದ್ರು. ಏನ್ ಹೇಳ್ಲಿ?"

"ಬೀಜದ ಭತ್ತ," ಎಂದೆ. "ಏಳು ನೀರ್ ತೊಳದೀನ್ರಿ."

ಅವರು ಬಯ್ಯಲಿಲ್ಲ. ನನ್ನ ಕೈಯನ್ನೇ ನೋಡುತ್ತಿದ್ದರು.

"ನೀನೂ ಉಂಡಿಯೇನ?"

ಹೌದೆಂದು ತಲೆಯಾಡಿಸಿದೆ. ಅವರು ಚಪ್ಪಲಿ ಅಲ್ಲೇ ಬಿಟ್ಟು ಡಾಕ್ಟರ ಕೋಣೆಗೆ ಓಡಿದರು.

ಮರುದಿನ ಹುಬ್ಬಳ್ಳಿಯಿಂದ ಇಂಜೆಕ್ಷನ್ ಬಂತು. ಎಣ್ಣೆಯಂಥದ್ದು, ನಾತ, ಚುಚ್ಚಿದಲ್ಲಿ ಗಂಟು. "ಔಷಧ ನಾನ್ ಕೊಡ್ತೇನೆ ತಾಯಿ, ರೋಗ ಹೇಳಿದ್ದು ನಿಮ್ಮ ಕರು," ಎಂದರು ಡಾಕ್ಟರು. ಉಂಡದ್ದೆಲ್ಲ ಮೊದಲು ಲಿವರಿಗೆ ಬರುತ್ತದಂತೆ. ಬೇಕಾದ್ದನ್ನು ಇಟ್ಟುಕೊಂಡು ಬೇಡದ್ದನ್ನು ಹೊರಹಾಕುವುದು ಅದರ ಕೆಲಸ. ಪಾದರಸ ಆ ಕೆಲಸವನ್ನೇ ಕೆಡಿಸುತ್ತದೆ, ಕೊಬ್ಬು ಅಲ್ಲೇ ಕಟ್ಟಿಕೊಳ್ಳುತ್ತದೆ. ನನ್ನ ಲಿವರ್ ಹಳೆಯ ಆಳು, ಹೇಗೋ ತಡೆದುಕೊಂಡಿತು. ಎಳೆಗರುವಿನದ್ದು ಇನ್ನೂ ಕೆಲಸ ಕಲಿಯುತ್ತಿತ್ತು.

ಡಾಕ್ಟರು ಎರಡನೆಯ ಸಲ ಕೇಳಿದಾಗಲಾದರೂ ನಾನು ಹೇಳಿದ್ದರೆ ಗೌರಿ ಉಳಿಯುತ್ತಿತ್ತೇ? ಈ ಪ್ರಶ್ನೆಯನ್ನು ಡಾಕ್ಟರಿಗೆ ಕೇಳಲಿಲ್ಲ. ಕೇಳುವ ಧೈರ್ಯ ಈಗಲೂ ಇಲ್ಲ.

ಒಂದು ತಿಂಗಳಿಗೆ ಮನೆಗೆ ಬಂದೆ. ಉಳಿದ ಬೀಜವನ್ನು ಯಜಮಾನರು ಬೇಲಿಯಾಚೆ ಆಳವಾಗಿ ಹುಗಿದು ಮೇಲೆ ಕಲ್ಲಿಟ್ಟಿದ್ದರು. ಈಗ ವರ್ಷ ಕಳೆದಿದೆ. ತಾಮ್ರದ ರುಚಿ ಹೋಗಿದೆ, ಹಳದಿ ಇಳಿದಿದೆ. ನಡುಕ ಪೂರ್ತಿ ಹೋಗಿಲ್ಲ. ಸೂಜಿಗೆ ದಾರ ಪೋಣಿಸಲು ಪಕ್ಕದ ಮನೆಗೆ ಹೋಗಬೇಕು.

ಹೋದ ವಾರ ಗೌರಿಯ ತಾಯಿ ಮತ್ತೆ ಕರು ಹಾಕಿತು. ಈ ಸಲ ಹಾಲಿದೆ. ನಿನ್ನೆ ಬೆಳಿಗ್ಗೆ ಕರು ಬಂದು ನನ್ನ ಕೈಗೆ ಮೂತಿ ಒತ್ತಿತು. ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡೆ. ಅದು ಸುತ್ತಿ ಅಲ್ಲಿಗೂ ಬಂತು. ಬಚ್ಚಲಿಗೆ ಹೋಗಿ ಸಾಬೂನು ಹಚ್ಚಿ ತೊಳೆದೆ. ಎಷ್ಟು ನೀರೆಂದು ಎಣಿಸಲಿಲ್ಲ.

ಬೆರಳು ಕೊಟ್ಟೆ. ನಡುಗುತ್ತಿದ್ದ ಬೆರಳನ್ನು ಅದು ಹಾಗೇ ಹಿಡಿದು ಚೀಪಿತು.