ಗಂಡು ಮೀನಿನ ಬಾಣಂತನ

ಮೀನು ಮಾರುವ ಅಕ್ಕ ಬಂಡೆಯ ಮೇಲೆ ಜಾರಿ ಬೀಳಬಹುದು. ನಾನು ಜಾರಿ ಅಕ್ಕನ ಮೇಲೆಯೇ ಬೀಳಬಹುದು. ಇಳಿತದ ಹೊತ್ತು ಮುಗಿದು, ಸಮುದ್ರ ಏರಿ, ಇಬ್ಬರೂ ಬಂಡೆಯ ಮೇಲೆ ಸಿಕ್ಕಿಕೊಳ್ಳಬಹುದು. ನೀರು ಕದಡಿ ಏನೂ ಕಾಣದಿರಬಹುದು. ಎಲ್ಲಕ್ಕಿಂತ ದೊಡ್ಡ ಭಯವೆಂದರೆ, ಅವರಿಗೆ ತೋರಿಸಹೊರಟ ಮೀನಿನ ಮೊಟ್ಟೆಗಳೆಲ್ಲ ಹಿಂದಿನ ಸಂಜೆಯೇ ಒಡೆದು ಮರಿಗಳು ಕಡಲು ಸೇರಿರಬಹುದು. ಹಾಗಾದರೆ ಬದುಕಿರುವಷ್ಟು ದಿನ ನಾನು ಕುಂದಾಪುರದ ಮೀನು ಮಾರುಕಟ್ಟೆಗೆ ತಲೆಯೆತ್ತಿ ಹೋಗುವಂತಿರಲಿಲ್ಲ.

ತಪ್ಪು ನನ್ನದೇ. ಭಾನುವಾರ ಬೈಂದೂರಿನ ಬಂಡೆಗಳ ನಡುವಿನ ಹೊಂಡದಲ್ಲಿ ಕಂಡದ್ದನ್ನು ಸೋಮವಾರ ಬಂಗುಡೆ ಕೊಳ್ಳುವಾಗ ಹೇಳಿಬಿಟ್ಟೆ. ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳುವವನ ಬಾಯಿ, ಸುಮ್ಮನಿರುವುದಿಲ್ಲ. ಹಳದಿ ಬೆನ್ನು, ಐದು ಕಪ್ಪು ಪಟ್ಟೆ, ಅಂಗೈಯುದ್ದದ ಮೀನು. ಗಂಡು ಬಂಡೆಯ ಒಂದು ಮಗ್ಗುಲನ್ನು ಚೊಕ್ಕ ಮಾಡಿಡುತ್ತದೆ. ಹೆಣ್ಣು ಬಂದು ಮೊಟ್ಟೆ ಅಂಟಿಸಿ ಹೊರಟುಹೋಗುತ್ತದೆ. ಆಮೇಲೆ ನಾಲ್ಕೈದು ದಿನ ರೆಕ್ಕೆ ಬೀಸುತ್ತ ಕಾಯುವುದೆಲ್ಲ ಗಂಡೇ ಎಂದೆ.

ವರ್ಷಗಟ್ಟಲೆಯಿಂದ ನನಗೆ ಮೀನು ಕೊಡುವ ಅಕ್ಕ ಕತ್ತಿ ನಿಲ್ಲಿಸಿದರು.

"ಎಂತ ಮಾಷ್ಟ್ರೆ, ಗಂಡ್ ಬಾಣಂತನ ಮಾಡುತ್ತಾ? ನಮ್ಮನಿ ಗಂಡ್ ಒಂದ್ ಲೋಟ ತೊಳುದಿಲ್ಲೆ!"

ಪಕ್ಕದ ಬುಟ್ಟಿಯವರೆಲ್ಲ ನಕ್ಕರು. ಹೊಟ್ಟೆ ಒತ್ತಿದಾಗ ಮೊಟ್ಟೆ ಸಿಕ್ಕರೆ ಅದು ಹೆಣ್ಣು. ಮೊಟ್ಟೆಗೂ ಗಂಡಿಗೂ ಸಂಬಂಧವಿಲ್ಲ. ಅಕ್ಕನ ಶಾಸ್ತ್ರ ಅಷ್ಟೇ, ಅದು ಇದುವರೆಗೆ ಕೈಕೊಟ್ಟಿರಲಿಲ್ಲ.

"ಕಾಣ್ಸಿ, ಕಾಂಬ. ಇಲ್ದಿರೆ ಇನ್ನ್ ನೀವ್ ಹೇಳಿದ್ ಯಾವ್ದನ್ನೂ ನಂಬುದಿಲ್ಲೆ."

ಬುಧವಾರ ಅಮಾವಾಸ್ಯೆ, ದೊಡ್ಡ ಇಳಿತ. ಬೆಳಗಿನ ಮೊದಲ ಬಸ್ಸಿಗೆ ಹೊರಟೆವು. ನನ್ನ ಚೀಲದಲ್ಲಿ ಹಗ್ಗ, ಬ್ಯಾಂಡೇಜು, ಗ್ಲೂಕೋಸ್, ಎರಡು ಟಾರ್ಚು. ತ್ರಾಸಿ ದಾಟುವಾಗ ಅಕ್ಕ ಚೀಲದೊಳಗೆ ಇಣುಕಿದರು. "ಹ್ವಾಯ್, ನಾವ್ ಮುಂಬೈಗ್ ಹೋಪುದಾ?"

ಅಕ್ಕ ಸೀರೆ ಎತ್ತಿ ಕಟ್ಟಿ ಬಂಡೆಯಿಂದ ಬಂಡೆಗೆ ನಡೆದರು. ನಾಲ್ಕು ಕಾಲಲ್ಲಿ ಹೋದವನು ನಾನು. ಹೊಂಡದ ನೀರು ತಿಳಿಯಾಗಿತ್ತು. ಬಂಡೆಯ ಮಗ್ಗುಲಲ್ಲಿ ನೇರಳೆಯಿಂದ ಹಸಿರಿಗೆ ತಿರುಗುತ್ತಿದ್ದ ಒಂದು ಕಲೆ, ಅದರ ಮುಂದೆ ನಮ್ಮ ಪಟ್ಟೆ ಮೀನು. ಕಾವಲಿಗೆ ನಿಂತವನ ಹಳದಿ ಮೈ ಈಗ ನೀಲಿಗಟ್ಟಿತ್ತು. ಏಡಿಯೊಂದು ಹತ್ತಿರ ಬಂದದ್ದೇ ತಡ, ನುಗ್ಗಿ ಅಟ್ಟಿದ.

"ಇದ್ ಮೊಟ್ಟೆ ಅಲ್ಲ, ಪಾಚಿ," ಎಂದರು ಅಕ್ಕ. ಮೀನು ಮಾರುವವರು ಕಣ್ಣನ್ನಷ್ಟೇ ನಂಬುವುದಿಲ್ಲ. ಒತ್ತಿ ನೋಡಲು ಹೆಬ್ಬೆರಳು ನೀರಿಗಿಳಿಸಿಯೇ ಬಿಟ್ಟರು. ಸಾವಿರಾರು ಮರಿಗಳು ಆ ಹೆಬ್ಬೆರಳಡಿ!

"ಅಕ್ಕಾ, ಬ್ಯಾಡ!" ಎಂದು ಕೈ ಅಡ್ಡ ಹಾಕಿದೆ.

ಅಕ್ಕ ಕೈ ಹಿಂತೆಗೆದು, ಮೂಗು ನೀರಿಗೆ ತಾಗುವಷ್ಟು ಬಗ್ಗಿದರು. ಸಾಸಿವೆಗಿಂತ ಸಣ್ಣ ಕಾಳುಗಳು, ಒಂದೊಂದರಲ್ಲೂ ಎರಡೆರಡು ಕಪ್ಪು ಚುಕ್ಕಿ. ಕಣ್ಣುಗಳು.

"ಹೌದ್ ಮಾಷ್ಟ್ರೆ, ಬಾಣಂತನವೇ. ನಾಳೆ ಎಲ್ಲರಿಗೂ ನಾನೇ ಹೇಳ್ತೆ." ಆಮೇಲೆ ನನ್ನ ಕಡೆ ತಿರುಗಿ, "ಅಲ್ದಾ, ನೀವೆಂತಕೆ ಬೆರಳ್ ಚೀಪುದ್?" ಎಂದರು.

ಅಡ್ಡ ಹಾಕಿದ ಕೈಗೆ ಮೀನು ಕಚ್ಚಿತ್ತು.